ವಿದ್ಯುತ್ ಕಾರಿನ ಯೋಗಕ್ಷೇಮ

ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಗೃಹಸ್ಥನು ಮನೆಗೆ ತರುವ ಯಾವ ವಸ್ತುವಿಗಾದರೂ ಈ ಎರಡು ಅವಸ್ಥೆಗಳುಂಟು. ಮೂರನೆಯದಾಗಿ, ಕಾಲ ಬಂದಾಗ ಅದನ್ನು ಪರರಿಗೆ ಒಪ್ಪಿಸಿ ಋಣ ತೀರಿಸಿಕೊಳ್ಳುವ ವಿಸರ್ಜನೆಯೂ ಉಂಟು. ಹಸುವನ್ನು ಕೊಳ್ಳಲು ಸಂತೆಗೆ ಹೋಗುವ ರೈತನು ಅದರ ಬೆಲೆಯೊಡನೆ ಹುಲ್ಲು ಹಿಂಡಿಗಳ ಲೆಕ್ಕವನ್ನೂ ಮುಂದೆ ಮಾರಿದರೆ ಕೈಗೆ ಬರುವ ಹಣವನ್ನೂ ಮನಸ್ಸಿನಲ್ಲಿ ಎಣಿಸಿಕೊಂಡೇ ಹೋಗುತ್ತಾನೆ. ವಿದ್ಯುಚ್ಛಕ್ತಿಯಿಂದ ನಡೆಯುವ ಕಾರನ್ನು ಕುರಿತು ಈಗ ಕನ್ನಡನಾಡಿನ ಊರೂರುಗಳಲ್ಲಿ ನಡೆಯುತ್ತಿರುವ ವಾದವಿವಾದವೂ ಈ ಮೂರನ್ನೇ ಕುರಿತದ್ದು. ಕೊಳ್ಳಬಹುದೆ? ಚಾರ್ಜು ಮಾಡುವುದೆಲ್ಲಿ? ಮಾರಹೋದರೆ ಎಷ್ಟು ಬಂದೀತು? ಯಂತ್ರವು ಹೊಸದು, ಆದಕಾರಣ ಅದರ ತೊಡಕುಗಳೂ ಹೊಸವು ಎಂಬುದು ಬಹುಜನರ ಭಾವನೆ. ಚರಿತ್ರೆಯನ್ನು ಪರಾಮರ್ಶಿಸಿದರೆ ಹಾಗೆ ತೋರುವುದಿಲ್ಲ. ಈ ಮೂರು ಪ್ರಶ್ನೆಗಳಿಗೂ ನೂರಿಪ್ಪತ್ತೈದು ವರ್ಷಗಳಷ್ಟು ಪ್ರಾಯವಾಗಿದೆ. ಅವುಗಳಿಗೆ ಹಿಂದಿನವರು ಕೊಟ್ಟ ಉತ್ತರಗಳೂ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆಗೆ ಒಳಗಾಗಿವೆ.

೧

ವಿದ್ಯುತ್ತನ್ನು ಕೂಡಿಟ್ಟುಕೊಂಡು ಬೇಕಾದಾಗ ಹೊರತೆಗೆಯುವ ಸೀಸದ ಬ್ಯಾಟರಿಯನ್ನು ಫ್ರಾನ್ಸ್ ದೇಶದ ಗಾಸ್ತೋಂ ಪ್ಲಾಂತೆ ೧೮೫೯ರಲ್ಲಿ ರಚಿಸಿದನು. ೧೮೮೧ರಲ್ಲಿ ಕಾಮೀಯ್ ಫೋರ್ ಎಂಬಾತನು ಅದರ ಫಲಕಗಳನ್ನು ಸುಧಾರಿಸಿ, ಅದು ಕಾರ್ಖಾನೆಯಲ್ಲಿ ತಯಾರಾಗಿ ಬಳಕೆಗೆ ಬರುವಂತೆ ಮಾಡಿದನು. ಅದೇ ವರ್ಷದಲ್ಲಿ ಗುಸ್ತಾವ್ ತ್ರೂವೆಯು ಮೂರು ಚಕ್ರದ ವಿದ್ಯುತ್ ಬಂಡಿಯೊಂದನ್ನು ಪ್ಯಾರಿಸ್ ನಗರದ ಬೀದಿಯಲ್ಲಿ ನಡೆಸಿ ತೋರಿಸಿದನು. ಕಾರ್ಲ್ ಬೆಂಜನ ಪೆಟ್ರೋಲ್ ಬಂಡಿಯು ಬಂದುದು ೧೮೮೬ರಲ್ಲಿ. ಎಂದ ಮೇಲೆ ವಯಸ್ಸಿನಲ್ಲಿ ವಿದ್ಯುತ್ ಬಂಡಿಯೇ ಹಿರಿಯದು. ವೇಗದಲ್ಲಿಯೂ ಅದು ಮೊದಲು ಹಿಂದುಳಿದಿರಲಿಲ್ಲ. ನೆಲದ ಮೇಲೆ ಗಂಟೆಗೆ ನೂರು ಕಿಲೋಮೀಟರು ವೇಗವನ್ನು ಮೀರಿದ ಮೊದಲನೆಯ ಮೋಟಾರು ಬಂಡಿಯು ವಿದ್ಯುತ್ತಿನದೇ. ಬೆಲ್ಜಿಯಮ್ಮಿನ ಕಾಮೀಯ್ ಜೆನಾತ್ಸಿಯು ೧೮೯೯ರ ಏಪ್ರಿಲ್ ೨೯ರಂದು ಈ ಸಾಹಸವನ್ನು ಮಾಡಿದನು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ೧೯೦೦ರ ಸುಮಾರಿನ ಒಂದು ವರ್ಷದಲ್ಲಿ ತಯಾರಾದ ಮೋಟಾರು ಬಂಡಿಗಳ ಎಣಿಕೆ ಉಳಿದುಬಂದಿದೆ. ಉಗಿಬಂಡಿಗಳು ೧,೬೮೧, ವಿದ್ಯುತ್ ಬಂಡಿಗಳು ೧,೫೭೫, ಪೆಟ್ರೋಲ್ ಬಂಡಿಗಳು ೯೩೬ ಮಾತ್ರ. ಆ ಕಾಲದ ಜನರ ಅಭಿಪ್ರಾಯಕ್ಕೆ ಈ ಅಂಕಿಗಳೇ ಸಾಕ್ಷಿ. ಉಗಿಬಂಡಿಗೆ ನೀರು ಕಾಯುವವರೆಗೆ ಕಾದಿರಬೇಕು. ಪೆಟ್ರೋಲ್ ಬಂಡಿಯನ್ನು ಮುಂದುಗಡೆಯ ಕೈಹಿಡಿಯಿಂದ ತಿರುವಿ ಎಬ್ಬಿಸಬೇಕು. ಕೈ ತಪ್ಪಿದರೆ ಮಣಿಕಟ್ಟು ಮುರಿಯುವುದೂ ಉಂಟು. ಹೊಗೆ, ನಾತ, ಸದ್ದುಗಳು ಬೇರೆ. ವಿದ್ಯುತ್ ಬಂಡಿಗೆ ಇವಾವುವೂ ಇಲ್ಲ. ಅದರ ಗುಣವನ್ನು ಕಂಡವರಾರೂ ಅಲ್ಲಗಳೆಯಲಿಲ್ಲ. ಆಕ್ಷೇಪಣೆಯೆಲ್ಲವೂ ಅದರ ಹೊಟ್ಟೆಯಲ್ಲಿದ್ದ ಬ್ಯಾಟರಿಯ ಮೇಲೆ. ಅದು ಭಾರವಾದುದು, ಬೇಗನೆ ಬರಿದಾಗತಕ್ಕದ್ದು, ಕೆಲವು ವರ್ಷಗಳಲ್ಲಿ ಮುಪ್ಪಾಗತಕ್ಕದ್ದು. ಅದರ ಬೆಲೆಯಾದರೋ ಬಂಡಿಯ ಬೆಲೆಯಲ್ಲಿ ದೊಡ್ಡದೊಂದು ಪಾಲು.

೨

ಬ್ಯಾಟರಿಯ ಕಷ್ಟವನ್ನು ಸವಾರನ ತಲೆಗೆ ಕಟ್ಟದಿರಲು ಮೊದಲು ತೋರಿದ ಉಪಾಯವೆಂದರೆ ಬಂಡಿಯನ್ನು ಮಾರದೆ ಬಾಡಿಗೆಗೆ ಕೊಡುವುದು. ಲಂಡನ್ನಿನಲ್ಲಿ ವಾಲ್ಟರ್ ಬರ್ಸಿಯ ವಿದ್ಯುತ್ ಬಾಡಿಗೆ ಬಂಡಿಗಳು ೧೮೯೭ರ ಆಗಸ್ಟಿನಲ್ಲಿ ಓಡಾಡತೊಡಗಿದವು. ಬ್ಯಾಟರಿಗಳೂ ಗಾಲಿಯ ಪಟ್ಟಿಗಳೂ ಎಣಿಸಿದುದಕ್ಕಿಂತ ಬೇಗನೆ ಸವೆದುಹೋದುದರಿಂದ ಎರಡೇ ವರ್ಷಗಳಲ್ಲಿ ಅವು ಬೀದಿಯಿಂದ ಮರೆಯಾದವು. ನ್ಯೂಯಾರ್ಕಿನಲ್ಲಿಯೂ ಅದೇ ೧೮೯೭ರಲ್ಲಿ ಹನ್ನೆರಡು ಬಂಡಿಗಳೊಡನೆ ಇಂಥ ಉದ್ಯಮವು ಆರಂಭವಾಯಿತು. ಅಲ್ಲಿಯ ಏರ್ಪಾಟು ಇಂದಿನವರೂ ಮೆಚ್ಚತಕ್ಕದ್ದು. ಬಂಡಿಯು ಲಾಯಕ್ಕೆ ಬಂದು ನಿಂತೊಡನೆ ಬರಿದಾದ ಬ್ಯಾಟರಿಯ ತಟ್ಟೆಯನ್ನು ಯಂತ್ರದಿಂದ ಹೊರಗೆಳೆದು, ತುಂಬಿದ ತಟ್ಟೆಯನ್ನು ಒಳಕ್ಕೆ ತಳ್ಳುತ್ತಿದ್ದರು. ಕೆಲವೇ ನಿಮಿಷಗಳಲ್ಲಿ ಬಂಡಿಯು ಮತ್ತೆ ಬೀದಿಗೆ ಹೊರಡುತ್ತಿತ್ತು.

ಈ ಉದ್ಯಮವನ್ನು ಎಲೆಕ್ಟ್ರಿಕ್ ವೆಹಿಕಲ್ ಕಂಪೆನಿಯು ವಹಿಸಿಕೊಂಡು, ದೊಡ್ಡ ಬಂಡವಾಳಗಾರರು ಸೇರಿ, ೧೮೯೯ರಲ್ಲಿ ಬಾಸ್ಟನ್, ಫಿಲಡೆಲ್ಫಿಯಾ, ಷಿಕಾಗೋ ಮೊದಲಾದ ನಗರಗಳಿಗೂ ಹಬ್ಬಿಸಹೊರಟರು. ಸಾವಿರಾರು ಬಂಡಿಗಳ ಮಾತು ಹುಟ್ಟಿತು, ಷೇರುಗಳ ಬೆಲೆಯೇರಿತು. ಆದರೆ ಬ್ಯಾಟರಿಗಳನ್ನು ನೋಡಿಕೊಳ್ಳಲು ಬಲ್ಲ ಜನರಿರಲಿಲ್ಲ. ಒರಟು ಬೀದಿಗಳಲ್ಲಿ ಕುಲುಕಿ, ಹೊತ್ತುಗೊತ್ತಿಲ್ಲದೆ ಚಾರ್ಜಾಗಿ ಸೀಸದ ಫಲಕಗಳು ಉದುರಿದವು. ಊರೂರಿನ ಶಾಖೆಗಳು ಒಂದೊಂದಾಗಿ ಮುಚ್ಚಿದವು. ೧೯೦೭ರಲ್ಲಿ ಮೂಲ ಕಂಪೆನಿಯೇ ದಿವಾಳಿಯಾಯಿತು. ಇಲ್ಲಿ ಸೋತದ್ದು ಬ್ಯಾಟರಿಯನ್ನು ಬದಲಾಯಿಸುವ ಉಪಾಯವಲ್ಲ. ಕ್ಷೇಮದ ವ್ಯವಸ್ಥೆ ಆಗುವ ಮೊದಲೇ ಯೋಗಕ್ಕೆ ಕೈಹಾಕಿದ ಆತುರ.

೩

ಬಾಡಿಗೆಯ ಬಂಡಿಗಳು ಹೋದರೂ ಸ್ವಂತದ ಬಂಡಿಗಳು ಹೋಗಲಿಲ್ಲ. ೧೯೦೭ರಲ್ಲಿ ಆರಂಭವಾದ ಡೆಟ್ರಾಯ್ಟ್ ಎಲೆಕ್ಟ್ರಿಕ್ ಎಂಬ ಬಂಡಿಯು ೧೯೩೯ರವರೆಗೆ ತಯಾರಾಗುತ್ತಿದ್ದು, ಒಟ್ಟು ಸುಮಾರು ೧೩,೦೦೦ ಬಂಡಿಗಳು ಹೊರಬಿದ್ದವು. ಒಮ್ಮೆ ಚಾರ್ಜು ಮಾಡಿದರೆ ಸುಮಾರು ೮೦ ಮೈಲಿ ನಡೆಯುವುದೆಂದು ಕಂಪೆನಿಯವರು ಹೇಳುತ್ತಿದ್ದರು. ವೇಗ ಗಂಟೆಗೆ ೨೦ರಿಂದ ೨೫ ಮೈಲಿ. ಊರೊಳಗಿನ ಓಡಾಟಕ್ಕೆ ಇಷ್ಟು ಯಥೇಷ್ಟವಾಗಿತ್ತು. ವೈದ್ಯರು ಇದನ್ನು ಮೆಚ್ಚಿದರು. ಸಂಪನ್ನ ಮನೆತನದ ಸ್ತ್ರೀಯರು ಮೆಚ್ಚಿದರು. ಪೆಟ್ರೋಲ್ ಬಂಡಿಯನ್ನು ಲೋಕಕ್ಕೆಲ್ಲ ಹಂಚಿದ ಹೆನ್ರಿ ಫೋರ್ಡನ ಪತ್ನಿ ಕ್ಲಾರಾ ಫೋರ್ಡ್ ಸಹ ತಾನು ನಡೆಸಲು ಇಟ್ಟುಕೊಂಡಿದ್ದುದು ೧೯೧೪ರ ಡೆಟ್ರಾಯ್ಟ್ ಎಲೆಕ್ಟ್ರಿಕ್ ಬಂಡಿಯನ್ನೇ.

ಕೊಳ್ಳುವಾಗಿನ ತೊಡಕು ಬೆಲೆಯದು. ೧೯೧೨ರಲ್ಲಿ ಇಬ್ಬರು ಕುಳ್ಳಿರುವ ವಿದ್ಯುತ್ ಬಂಡಿಗೆ ೧,೭೫೦ ಡಾಲರು. ಅದೇ ಬಗೆಯ ಪೆಟ್ರೋಲ್ ಬಂಡಿಗೆ ೬೫೦ ಡಾಲರು. ಥಾಮಸ್ ಎಡಿಸನ್ನನು ಸೀಸದ ಬದಲು ನಿಕ್ಕಲ್ ಮತ್ತು ಕಬ್ಬಿಣಗಳಿಂದ ಬ್ಯಾಟರಿ ಮಾಡಲು ಹತ್ತು ವರ್ಷ ಶ್ರಮಿಸಿದನು. ಮೊದಲನೆಯ ಮಾದರಿಯು ಸೋರತೊಡಗಲು ೧೯೦೪ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿ, ಮತ್ತೆ ದುಡಿದು, ೧೯೧೦ರ ಹೊತ್ತಿಗೆ ಬಹುಕಾಲ ಬಾಳುವ ಬ್ಯಾಟರಿಯನ್ನು ಹೊರತಂದನು. ಆದರೆ ಅದನ್ನು ಬಯಸುವವನು ಡೆಟ್ರಾಯ್ಟ್ ಬಂಡಿಯ ಬೆಲೆಯ ಮೇಲೆ ಇನ್ನೂ ೬೦೦ ಡಾಲರನ್ನು ತೆರಬೇಕಾಗಿತ್ತು. ಬಾಳುವುದು ದುಬಾರಿ; ಅಗ್ಗದ್ದು ಬಾಳದು. ಕೊಳ್ಳುವವನ ಈ ಉಭಯಸಂಕಟವು ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ.

ಚಾರ್ಜು ಮಾಡುವುದರ ತೊಡಕು ಬೇರೊಂದು ಬಗೆ. ಬ್ಯಾಟರಿಗೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು ಬೇಕು. ಊರುಗಳಲ್ಲಿ ಹರಡುತ್ತಿದ್ದುದಾದರೋ ಕ್ಷಣಕ್ಷಣಕ್ಕೂ ದಿಕ್ಕನ್ನು ಬದಲಿಸುವ ವಿದ್ಯುತ್ತು. ಪೀಟರ್ ಕೂಪರ್ ಹ್ಯೂವಿಟ್ಟನು ೧೯೦೨ರಲ್ಲಿ ಕಂಡುಹಿಡಿದ ಪಾದರಸದ ದೀಪದಂತಹ ಉಪಕರಣವು ಎರಡನೆಯದನ್ನು ಮೊದಲನೆಯದಾಗಿ ಮಾರ್ಪಡಿಸುತ್ತಿತ್ತು. ಶ್ರೀಮಂತರು ಅದನ್ನು ತಮ್ಮ ಬಂಡಿಮನೆಯಲ್ಲಿಯೇ ಇರಿಸಿಕೊಂಡರು. ಸ್ವಂತ ಬಂಡಿಮನೆಯಿಲ್ಲದವರಿಗೆ ಊರಿನ ಸಾರ್ವಜನಿಕ ಗ್ಯಾರೇಜುಗಳೇ ಗತಿ. ಹಳ್ಳಿಯಲ್ಲಿ ಅದೂ ಇಲ್ಲ. ಅಮೆರಿಕದ ಹೊಲಮನೆಗಳಲ್ಲಿ ೧೯೩೫ರ ಸುಮಾರಿಗೂ ಹತ್ತರಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಸಂಪರ್ಕವಿತ್ತು. ಪೆಟ್ರೋಲನ್ನಾದರೋ ಡಬ್ಬಿಯಲ್ಲಿ ತುಂಬಿ ಕಿರಾಣಿ ಅಂಗಡಿಯಲ್ಲಿಯೂ ಮಾರಬಹುದು.

ಇಂತಿರಲು ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡ್ ಪಟ್ಟಣದ ವಿದ್ಯುತ್ ಕಂಪೆನಿಯವರು ೧೯೧೦ರಲ್ಲಿ ಒಂದು ಏರ್ಪಾಟನ್ನು ಮಾಡಿದರು. ಇಡೀ ವಿಷಯದ ಮರ್ಮವು ಇದರಲ್ಲಿದೆ. ಅಲ್ಲಿಯ ವ್ಯಾಪಾರಿಯು ಸಾಮಾನು ಸಾಗಿಸುವ ಲಾರಿಯನ್ನು ಬ್ಯಾಟರಿಯಿಲ್ಲದೆ ಕೊಳ್ಳುತ್ತಿದ್ದನು. ಬ್ಯಾಟರಿಯು ವಿದ್ಯುತ್ ಕಂಪೆನಿಯ ಸ್ವತ್ತು. ಅದನ್ನು ತುಂಬಿಸುವುದು, ಬದಲಾಯಿಸುವುದು, ಹಳೆಯದಾದರೆ ಹೊಸದನ್ನು ಹಾಕುವುದು ಎಲ್ಲವೂ ಅವರ ಹೊಣೆ. ವ್ಯಾಪಾರಿಯು ತಿಂಗಳಿಗಿಷ್ಟೆಂಬ ಸಣ್ಣ ಶುಲ್ಕವನ್ನೂ, ನಡೆದ ಮೈಲಿಗಿಷ್ಟೆಂಬ ಹಣವನ್ನೂ ತೆತ್ತರೆ ಸಾಕು. ಈ ಏರ್ಪಾಟು ೧೯೨೪ರವರೆಗೆ ನಡೆಯಿತು. ಅದರ ಮೇಲೆ ಓಡಿದ ಬಂಡಿಗಳು ಒಟ್ಟು ಅರವತ್ತು ಲಕ್ಷ ಮೈಲಿಗಳನ್ನು ಮೀರಿದವು. ಮುಪ್ಪಾಗುವ ವಸ್ತುವಿನ ನಷ್ಟವನ್ನು, ಅದರ ಗುಣದೋಷಗಳನ್ನು ಅರಿತು ನೂರು ಕಡೆ ಹಂಚಿಕೊಳ್ಳಬಲ್ಲವನು ಹೊರಬೇಕೇ ಹೊರತು, ಒಂದೇ ಬಂಡಿಯ ಒಡೆಯನಾದ ಗೃಹಸ್ಥನಲ್ಲ ಎಂಬ ತತ್ತ್ವವನ್ನು ಹಾರ್ಟ್‌ಫರ್ಡಿನವರು ಕಾರ್ಯತಃ ತೋರಿಸಿಕೊಟ್ಟರು.

೪

ಆದರೂ ವಿದ್ಯುತ್ ಬಂಡಿಯು ಸೋತಿತು. ಚಾರ್ಲ್ಸ್ ಕೆಟರಿಂಗನು ಮಾಡಿದ ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಬಂಡಿಯಲ್ಲಿ ಸೇರಲು, ಪೆಟ್ರೋಲ್ ಬಂಡಿಯ ಕೈಹಿಡಿಯ ಸಂಕಟವು ತೀರಿತು. ಬ್ಯಾಟರಿಯೇ ಹೀಗೆ ಶತ್ರುಪಕ್ಷವನ್ನು ಸೇರಿ ಅದರ ದೋಷವನ್ನು ಪರಿಹರಿಸಿತೆನ್ನಬಹುದು. ಫೋರ್ಡನ ಟಿ ಮಾದರಿಯ ಬೆಲೆಯು ೧೯೦೮ರಲ್ಲಿ ೮೫೦ ಡಾಲರಿದ್ದುದು ೧೯೨೫ರ ವೇಳೆಗೆ ೨೬೦ಕ್ಕಿಳಿಯಿತು. ಹೊಸದೇ ಇಷ್ಟು ಅಗ್ಗವಾದಾಗ ಸವೆದ ಬ್ಯಾಟರಿಯ ಹಳೆಯ ಬಂಡಿಯನ್ನು ಕೇಳುವವರಾರು? ಫೋರ್ಡನೂ ಎಡಿಸನ್ನನೂ ಸೇರಿ ಅಗ್ಗದ ವಿದ್ಯುತ್ ಕಾರನ್ನು ತರುವರೆಂದು ೧೯೧೪ರಲ್ಲಿ ಪತ್ರಿಕೆಗಳು ಸಾರಿದುವು. ಅದು ಬರಲೇ ಇಲ್ಲ.

ಅಲ್ಲಿಂದ ಮುಂದಿನ ಕಾಲದಲ್ಲಿ ವಿದ್ಯುತ್ ಬಂಡಿಯು ಪೆಟ್ರೋಲಿಗೆ ಬರಗಾಲ ಬಂದಾಗ ನೆನಪಾಗುವ ವಸ್ತುವಾಯಿತು. ಯುದ್ಧದಲ್ಲಿ ಬಡವಾದ ಜಪಾನಿನಲ್ಲಿ ೧೯೪೭ರಲ್ಲಿ ಟಾಮಾ ಎಂಬ ಕಾರು ಹೊರಬಂದಿತು. ಅದರ ಬ್ಯಾಟರಿಗಳನ್ನೂ ಪಕ್ಕದಿಂದ ಎಳೆದು ಬದಲಾಯಿಸಬಹುದಾಗಿತ್ತು. ಇಂಗ್ಲೆಂಡಿನಲ್ಲಿ ಮನೆಮನೆಗೆ ಹಾಲು ಹಂಚುವ ವಿದ್ಯುತ್ ಬಂಡಿಗಳು ದಶಕಗಳ ಕಾಲ ಸದ್ದಿಲ್ಲದೆ ಓಡಿದವು. ಕ್ಯಾಲಿಫೋರ್ನಿಯಾ ಪ್ರಾಂತದವರು ೧೯೯೦ರಲ್ಲಿ ಹೊಗೆಯಿಲ್ಲದ ಕಾರುಗಳನ್ನು ಕಡ್ಡಾಯಪಡಿಸಲು, ಜನರಲ್ ಮೋಟಾರ್ಸ್ ಸಂಸ್ಥೆಯವರು ೧೯೯೬ರಿಂದ ಇವಿ೧ ಎಂಬ ಕಾರನ್ನು ತಂದರು. ಒಟ್ಟು ೧,೧೧೭ ಕಾರುಗಳು ತಯಾರಾದವು. ಅವನ್ನು ಯಾರಿಗೂ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಗುತ್ತಿಗೆಯ ಅವಧಿ ತೀರುತ್ತಲೆ ಹಿಂದಕ್ಕೆ ಪಡೆದು, ಬಹುಪಾಲನ್ನು ಜಜ್ಜಿ ಹಾಕಿದರು. ಬ್ಯಾಟರಿಯ ಹೊಣೆಯನ್ನು ಮಾರಾಟಗಾರನು ಹೊರುವುದು ಒಳ್ಳೆಯದು. ಆದರೆ ಒಡೆತನವು ಪೂರ್ಣವಾಗಿ ಅವನಲ್ಲಿಯೇ ಉಳಿದರೆ, ಬಳಸುವವನಿಗೆ ಬೇಕೆಂದರೂ ಉಳಿಸಿಕೊಳ್ಳುವ ಅಧಿಕಾರವಿರುವುದಿಲ್ಲ. ಹಾರ್ಟ್‌ಫರ್ಡಿನ ತತ್ತ್ವಕ್ಕೆ ಇದೊಂದು ಪ್ರತ್ಯುದಾಹರಣೆ.

೫

ಈ ಚರಿತ್ರೆಯಲ್ಲಿ ಕನ್ನಡನಾಡಿಗೂ ಒಂದು ಅಧ್ಯಾಯವುಂಟು. ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಹರಿದುಬಂದಿತು. ಅದೇ ಬೆಂಗಳೂರಿನಲ್ಲಿ, ಮೈನಿ ಸಮೂಹದವರು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆಯೊಡನೆ ಕೂಡಿ ೧೯೯೪ರಲ್ಲಿ ಸ್ಥಾಪಿಸಿದ ಕಂಪೆನಿಯಿಂದ, ಚೇತನ್ ಮೈನಿಯವರ ನೇತೃತ್ವದಲ್ಲಿ ೨೦೦೧ರಲ್ಲಿ ರೇವಾ ಎಂಬ ಪುಟ್ಟ ಕಾರು ಹೊರಬಂದಿತು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಸೀಟಿನ ಕೆಳಗೆ ಎಂಟು ಸೀಸದ ಬ್ಯಾಟರಿಗಳು. ಒಮ್ಮೆ ಚಾರ್ಜು ಮಾಡಿದರೆ ಸುಮಾರು ೮೦ ಕಿಲೋಮೀಟರು. ಮನೆಯ ಗೋಡೆಯ ಸಾಧಾರಣ ಹದಿನೈದು ಆಂಪಿಯರಿನ ಪ್ಲಗ್ಗೇ ಅದಕ್ಕೆ ಸಾಕಾಗಿತ್ತು.

ಲಂಡನ್ ನಗರದಲ್ಲಿ ಈ ಕಾರು ಜೀ-ವಿಜ್ ಎಂಬ ಹೆಸರಿನಿಂದ ೨೦೦೪ರಿಂದ ಮಾರಾಟವಾಯಿತು. ನಗರಮಧ್ಯವನ್ನು ಪ್ರವೇಶಿಸುವ ವಾಹನಗಳಿಗೆ ಅಲ್ಲಿ ೨೦೦೩ರಲ್ಲಿ ವಿಧಿಸಿದ ಸುಂಕದಿಂದ ವಿದ್ಯುತ್ ಬಂಡಿಗೆ ವಿನಾಯಿತಿಯಿದ್ದುದು ಅದಕ್ಕೆ ಸಹಾಯಕವಾಯಿತು. ಅಪಘಾತದಲ್ಲಿ ಅದರ ರಕ್ಷಣೆ ಸಾಲದೆಂಬ ಆಕ್ಷೇಪವು ೨೦೦೭ರ ಘರ್ಷಣಪರೀಕ್ಷೆಯಿಂದ ಬಲವಾಯಿತು. ಸ್ವದೇಶದಲ್ಲಿಯಾದರೋ ಅದು ಸಾವಿರಗಳ ಎಣಿಕೆಯನ್ನು ಹೆಚ್ಚು ದಾಟಲಿಲ್ಲ. ೨೦೧೦ರಲ್ಲಿ ಮಹೀಂದ್ರಾ ಸಂಸ್ಥೆಯವರು ಕಂಪೆನಿಯ ಬಹುಪಾಲನ್ನು ಕೊಂಡರು. ೨೦೧೩ರಲ್ಲಿ ಲಿಥಿಯಮ್ ಬ್ಯಾಟರಿಯ ಇ೨ಓ ಎಂಬ ಕಾರನ್ನು ತಂದು, ಕೆಲವು ವರ್ಷಗಳಾದ ಮೇಲೆ ಅದನ್ನೂ ನಿಲ್ಲಿಸಿದರು. ಆದರೆ ೨೦೧೭ರಲ್ಲಿ ಚೇತನ್ ಮೈನಿಯವರು ಸೇರಿ ಸ್ಥಾಪಿಸಿದ ಸನ್ ಮೊಬಿಲಿಟಿ ಎಂಬ ಹೊಸ ಸಂಸ್ಥೆಯು ಆರಿಸಿಕೊಂಡ ಕೆಲಸ ಗಮನಾರ್ಹವಾದುದು: ಅದು ಬ್ಯಾಟರಿಗಳನ್ನು ಬದಲಾಯಿಸಿಕೊಡುವುದೇ. ರೇವಾ ಕಾರಿನ ಅನುಭವದಿಂದ ಹೊರಟ ದಾರಿಯು ಹಾರ್ಟ್‌ಫರ್ಡಿಗೇ ಬಂದು ಸೇರಿತು.

ಅದೇ ೨೦೧೭ರಲ್ಲಿ ಕರ್ನಾಟಕ ಸರ್ಕಾರವು ವಿದ್ಯುತ್ ವಾಹನಗಳ ಧೋರಣೆಯನ್ನು ಪ್ರಕಟಿಸಿತು. ಭರತಖಂಡದ ರಾಜ್ಯಗಳಲ್ಲಿ ಅದೇ ಮೊದಲು. ಚಾರ್ಜಿಂಗ್ ಕೇಂದ್ರಗಳು ಮೊದಲೋ, ಕಾರುಗಳು ಮೊದಲೋ ಎಂಬುದು ಬೀಜಾಂಕುರನ್ಯಾಯದ ಪ್ರಶ್ನೆ. ಅದರ ಒಂದು ಗಂಟನ್ನು ಕೇಂದ್ರದ ವಿದ್ಯುತ್ ಸಚಿವಾಲಯವು ೨೦೧೮ರ ಏಪ್ರಿಲಿನಲ್ಲಿ ಬಿಡಿಸಿತು. ವಿದ್ಯುತ್ತನ್ನು ಮಾರಲು ೨೦೦೩ರ ಕಾಯಿದೆಯಂತೆ ಲೈಸೆನ್ಸು ಬೇಕು. ಹಾಗಾದರೆ ಬೇರೊಬ್ಬನ ಕಾರಿನ ಬ್ಯಾಟರಿಯನ್ನು ತುಂಬಿಸಿ ಹಣ ಪಡೆಯುವವನು ವಿದ್ಯುತ್ತನ್ನು ಮಾರಿದಂತೆಯೋ? ಅಲ್ಲ, ಅದು ಸೇವೆ ಮಾತ್ರ, ಅದಕ್ಕೆ ಲೈಸೆನ್ಸು ಬೇಡ ಎಂದು ನಿರ್ಣಯವಾಯಿತು. ಇದರಿಂದ ಹೋಟೆಲಿನವನೂ ಅಂಗಡಿಯವನೂ ಚಾರ್ಜಿಂಗ್ ಕೇಂದ್ರವನ್ನು ತೆರೆಯಬಹುದಾಯಿತು. ೨೦೧೯ರ ಆಗಸ್ಟಿನಲ್ಲಿ ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿಯು ನೂರಕ್ಕೆ ೧೨ರಿಂದ ೫ಕ್ಕಿಳಿಯಿತು. ೨೦೨೦ರಿಂದ ಟಾಟಾ ಸಂಸ್ಥೆಯ ನೆಕ್ಸಾನ್ ಮೊದಲಾದ ಕಾರುಗಳು ಮಧ್ಯಮವರ್ಗದವರ ಮನೆಗಳಿಗೂ ಬಂದವು. ಯೋಗಕ್ಕೆ ಬೇಕಾದ ಅನುಕೂಲಗಳು ಹೀಗೆ ಕೂಡಿದವು. ಆದರೂ ಸ್ವಂತ ಜಗಲಿಯೂ ಸ್ವಂತ ಮೀಟರೂ ಉಳ್ಳವನಿಗೆ ಸುಲಭವಾದ ಕ್ಷೇಮವು, ಬಾಡಿಗೆಮನೆಯ ಮೂರನೆಯ ಅಂತಸ್ತಿನಲ್ಲಿರುವವನಿಗೆ ಸುಲಭವಲ್ಲ. ೧೯೧೦ರ ಬಂಡಿಮನೆಯುಳ್ಳವನಿಗೂ ಇಲ್ಲದವನಿಗೂ ಇದ್ದ ಭೇದವೇ ಇದು.

೬

ಉಳಿದುದು ವಿಸರ್ಜನೆ. ಇಂದಿನ ಚರ್ಚೆಯಲ್ಲಿ ಕಠಿನವಾದ ಭಾಗ ಇದೇ. ೧೯೯೧ರಲ್ಲಿ ಸೋನಿ ಕಂಪೆನಿಯವರು ಮಾರಾಟಕ್ಕೆ ತಂದ ಲಿಥಿಯಮ್ ಬ್ಯಾಟರಿಯು ಕಾರುಗಳಿಗೆ ಬಂದ ಮೇಲೆ ನಡಿಗೆಯ ದೂರವು ಬಹಳ ಹೆಚ್ಚಿತು, ಮುಪ್ಪು ನಿಧಾನವಾಯಿತು, ಆದರೆ ಇಲ್ಲದಾಗಲಿಲ್ಲ. ಬಿಸಿಲು ಅದಕ್ಕೆ ವೈರಿ. ೨೦೧೨ರಲ್ಲಿ ಅಮೆರಿಕದ ಅರಿಜೋನಾ ಮರುಭೂಮಿಯ ಊರುಗಳಲ್ಲಿ ನಿಸ್ಸಾನ್ ಲೀಫ್ ಕಾರುಗಳ ಬ್ಯಾಟರಿಗಳು ಎರಡು ವರ್ಷ ತುಂಬುವ ಮೊದಲೇ ಸೊರಗಿದುವೆಂದು ಒಡೆಯರು ನ್ಯಾಯಾಲಯಕ್ಕೆ ಹೋದರು. ಕಂಪೆನಿಯವರು ೫ ವರ್ಷ ಅಥವಾ ೬೦,೦೦೦ ಮೈಲಿಗಳವರೆಗೆ ಬ್ಯಾಟರಿಯ ಧಾರಣಶಕ್ತಿಗೇ ಖಾತರಿ ಕೊಡಬೇಕಾಯಿತು. ಇಂದು ಬಹುಮಂದಿ ತಯಾರಕರು ಎಂಟು ವರ್ಷಗಳ ಖಾತರಿಯನ್ನು ಕೊಡುವುದು ರೂಢಿಯಾಗಿದೆ.

ಮುಪ್ಪಿನಿಂದ ಮಾತ್ರವಲ್ಲ, ಹೊಸತರ ಸೋವಿಯಿಂದಲೂ ಹಳೆಯದರ ಬೆಲೆ ಬೀಳುತ್ತದೆ. ಕಿಲೋವಾಟ್-ಗಂಟೆಗೆ ೨೦೧೦ರಲ್ಲಿ ಸಾವಿರ ಡಾಲರನ್ನು ಮೀರಿದ್ದ ಲಿಥಿಯಮ್ ಬ್ಯಾಟರಿಯ ಬೆಲೆಯು ೨೦೨೪ರಲ್ಲಿ ಸುಮಾರು ೧೧೫ ಡಾಲರಿಗಿಳಿದಿತ್ತು. ಕೊಳ್ಳುವವನಿಗೆ ಇದು ಸಂತೋಷ. ನಿನ್ನೆ ಕೊಂಡವನಿಗೆ ನಷ್ಟ. ಟೆಸ್ಲಾ ಸಂಸ್ಥೆಯವರು ೨೦೨೩ರ ಮೊದಲಿನಲ್ಲಿ ಹೊಸ ಕಾರುಗಳ ಬೆಲೆಯನ್ನು ಇಳಿಸಲು, ಹಳೆಯ ಕಾರುಗಳ ಬೆಲೆಯು ಒಡನೆಯೇ ಕುಸಿಯಿತು; ಬಾಡಿಗೆ ಕಾರುಗಳ ಹರ್ಟ್ಸ್ ಕಂಪೆನಿಯವರು ೨೦೨೪ರ ಜನವರಿಯಲ್ಲಿ ತಮ್ಮ ಸುಮಾರು ೨೦,೦೦೦ ವಿದ್ಯುತ್ ಕಾರುಗಳನ್ನು ಮಾರಿಬಿಡುವುದಾಗಿ ಸಾರಿದರು. ಫೋರ್ಡನ ಟಿ ಮಾದರಿಯು ಅಂದು ಮಾಡಿದ ಪೆಟ್ಟನ್ನೇ ಇಂದು ವಿದ್ಯುತ್ ಕಾರು ತನ್ನ ಹಿರಿಯಣ್ಣನಿಗೆ ಮಾಡುತ್ತಿದೆ.

ಅರ್ಧಜರತೀಯವೆಂಬ ನ್ಯಾಯವೊಂದು ಶಾಸ್ತ್ರಗಳಲ್ಲಿದೆ. ಒಂದೇ ಶರೀರದಲ್ಲಿ ಅರ್ಧ ಮುಪ್ಪು, ಅರ್ಧ ಯೌವನ ಇರಲಾರವೆಂಬುದು ಅದರ ತಾತ್ಪರ್ಯ. ಹಳೆಯ ವಿದ್ಯುತ್ ಕಾರಿನಲ್ಲಿ ಆ ಅಸಂಭವವೇ ಸಂಭವಿಸಿದೆ. ಅದರ ಮೋಟಾರು ಬಹುಕಾಲ ಸವೆಯದು, ಮೈ ಗಟ್ಟಿಯಾಗಿದೆ, ಬ್ಯಾಟರಿಯು ಮಾತ್ರ ಮುದಿಯಾಗಿದೆ. ಎಷ್ಟು ಮುದಿಯೆಂಬುದು ಕಣ್ಣಿಗೆ ಕಾಣದು. ಕೊಳ್ಳುವವನು ಕಾಣದುದನ್ನು ಕಂಡು ಹೆದರುತ್ತಾನೆ. ಆ ಭಯದ ಬೆಲೆಯನ್ನು ಮಾರುವವನು ತೆರುತ್ತಾನೆ. ಸಾಲಮಾಡಿ ಕಾರು ಕೊಂಡ ಸಂಬಳಗಾರನಿಗೆ ಇದು ಸಣ್ಣ ಮಾತಲ್ಲ. ಕಂತು ತೀರುವ ಮೊದಲೇ ವಸ್ತುವಿನ ಬೆಲೆಯು ಸಾಲಕ್ಕಿಂತ ಕೆಳಗಿಳಿದರೆ ಅವನ ವರ್ಷಗಳ ಉಳಿತಾಯವು ಅದರಲ್ಲಿ ಮುಳುಗುತ್ತದೆ.

ಇದಕ್ಕೆ ಎರಡು ಪರಿಹಾರಗಳು ಪ್ರಯೋಗದಲ್ಲಿವೆ. ಒಂದು, ಹಾರ್ಟ್‌ಫರ್ಡಿನ ಮಾರ್ಗ. ೨೦೦೭ರಲ್ಲಿ ಹುಟ್ಟಿದ ಬೆಟರ್ ಪ್ಲೇಸ್ ಎಂಬ ಕಂಪೆನಿಯು ಇದನ್ನು ಹಿಡಿದು, ಬೇಕಾದಷ್ಟು ಕಾರುಗಳು ಬರುವ ಮೊದಲೇ ಬ್ಯಾಟರಿ ಬದಲಾಯಿಸುವ ಕೇಂದ್ರಗಳನ್ನು ಕಟ್ಟಿ, ೨೦೧೩ರಲ್ಲಿ ದಿವಾಳಿಯಾಯಿತು. ಫ್ರಾನ್ಸಿನ ರೆನೋ ಸಂಸ್ಥೆಯವರು ತಮ್ಮ ಜೋಯ್ ಕಾರನ್ನು ಕೆಲವು ವರ್ಷ ಬ್ಯಾಟರಿಯ ಬಾಡಿಗೆಯೊಡನೆ ಮಾರಿದರು. ಎರಡನೆಯ ಒಡೆಯನ ಕೊರಳಿಗೂ ಆ ಬಾಡಿಗೆಯ ಕರಾರು ಬೀಳುತ್ತಿದ್ದುದರಿಂದ ಮರುಮಾರಾಟಕ್ಕೆ ಅದೇ ತೊಡಕಾಯಿತು. ಭಾರತದಲ್ಲಿ ಎಂಜಿ ಸಂಸ್ಥೆಯವರು ೨೦೨೪ರ ಸೆಪ್ಟೆಂಬರಿನಲ್ಲಿ ವಿಂಡ್ಸರ್ ಕಾರನ್ನು ೯.೯೯ ಲಕ್ಷ ರೂಪಾಯಿಗಳಿಗೂ, ಬ್ಯಾಟರಿಯನ್ನು ಕಿಲೋಮೀಟರಿಗೆ ೩.೫ ರೂಪಾಯಿ ಬಾಡಿಗೆಗೂ ಕೊಡತೊಡಗಿದರು. ಮೈಲಿಗಿಷ್ಟೆಂದು ಹಾರ್ಟ್‌ಫರ್ಡಿನ ವ್ಯಾಪಾರಿಯು ತೆತ್ತ ಹಣದ ಮರುಹುಟ್ಟು ಇದು. ಎರಡನೆಯ ಪರಿಹಾರವು, ಮುಪ್ಪನ್ನು ಕಣ್ಣಿಗೆ ಕಾಣಿಸುವುದು. ಯೂರೋಪಿನ ಒಕ್ಕೂಟದವರು ೨೦೨೩ರಲ್ಲಿ ಮಾಡಿದ ಬ್ಯಾಟರಿಗಳ ಕಟ್ಟಳೆಯು, ೨೦೨೭ರ ಫೆಬ್ರವರಿಯಿಂದ ಪ್ರತಿ ಹೊಸ ವಾಹನಬ್ಯಾಟರಿಗೂ ಅದರ ಹುಟ್ಟು, ಬಾಳುಗಳ ವಿವರವುಳ್ಳ ರಹದಾರಿಯಿರಬೇಕೆಂದು ವಿಧಿಸಿದೆ. ಜಾತಕವನ್ನು ನೋಡದೆ ಕನ್ಯೆಯನ್ನು ತಾರದ ದೇಶಕ್ಕೆ ಇದರ ಪ್ರಯೋಜನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಎಲ್ಲದರಿಂದ ತಾತ್ಪರ್ಯವಿಷ್ಟು. ವಿದ್ಯುತ್ ಕಾರು ಒಳ್ಳೆಯದೋ ಕೆಟ್ಟದೋ ಎಂಬ ವಾದವು ೧೯೦೦ರಲ್ಲಿಯೇ ಮುಗಿದಿತ್ತು. ಅದು ಒಳ್ಳೆಯದೆಂದು ಅಂದೇ ಒಪ್ಪಿದ್ದರು. ಒಪ್ಪಿಯೂ ಕೈಬಿಟ್ಟರು. ಕಾರಣ, ಬ್ಯಾಟರಿಯ ಮುಪ್ಪಿನ ಹೊಣೆ ಯಾರದೆಂಬುದನ್ನು ನಿಶ್ಚಯಿಸಿಕೊಳ್ಳದೆ, ಕೊಂಡ ಗೃಹಸ್ಥನ ಮೇಲೆಯೇ ಅದನ್ನು ಬಿಟ್ಟರು. ನಿಶ್ಚಯಿಸಿದ ಹಾರ್ಟ್‌ಫರ್ಡಿನಂಥ ಊರುಗಳು ತೀರ ಅಲ್ಪವಾಗಿದ್ದುವು. ಈಗ ಕೊಳ್ಳಹೊರಡುವವನು ಕಾರಿನ ವೇಗವನ್ನೂ ಬಣ್ಣವನ್ನೂ ವಿಚಾರಿಸುವ ಮೊದಲು ಮೂರು ಸಂಗತಿಗಳನ್ನು ಬರಹದಲ್ಲಿ ಕೇಳಿ ತಿಳಿಯುವುದು ಲೇಸು: ರಾತ್ರಿ ಕಾರು ನಿಲ್ಲುವಲ್ಲಿ ತನ್ನ ಹಕ್ಕಿನ ವಿದ್ಯುತ್ತುಂಟೆ, ಬ್ಯಾಟರಿಯ ಧಾರಣಶಕ್ತಿಗೆ ಎಷ್ಟು ವರ್ಷ ಖಾತರಿ, ಆ ಖಾತರಿಯು ಎರಡನೆಯ ಒಡೆಯನಿಗೂ ಸಲ್ಲುವುದೆ. ಮೂರಕ್ಕೂ ಹೌದೆಂಬ ಉತ್ತರವು ಎಲ್ಲರಿಗೂ ದೊರೆಯುವಂತೆ ಮಾಡುವುದು ಆಳುವವರ ಕೆಲಸ. ಅದು ನೆರವೇರಿದರೆ ಶಿವನಸಮುದ್ರದ ನೀರಿನಿಂದ ದೀಪ ಹೊತ್ತಿಸಿದ ನಾಡಿನಲ್ಲಿ ಈ ಬಂಡಿಯು ಎರಡನೆಯ ಬಾರಿ ಸೋಲಬೇಕಾದ ಕಾರಣವಿಲ್ಲ.